49 ಹರ್ಟ್ಸ್: ವಿಮರ್ಶೆ ಓದಿ ಕೋಣೆ ರಿಪೇರಿ ಮಾಡಿದ ದಿನಚರಿ

ನನ್ನ ಮೊದಲ ಟೆಕ್ನೋ (ಯಂತ್ರಗಳಲ್ಲಿ ಮಾಡುವ ನೃತ್ಯಸಂಗೀತ) ಆಲ್ಬಮ್ ಜನವರಿಯ ಕೊನೆಯ ವಾರ ಹೊರಬಂದಿತು. ಎಂಟು ಟ್ರ್ಯಾಕ್, 46 ನಿಮಿಷ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಮೂರು ವರ್ಷ ಕೂತು ಮಾಡಿದ ಕೆಲಸ. ಫೆಬ್ರವರಿ ಮುಗಿಯುವ ಹೊತ್ತಿಗೆ ಮೂರು ವಿಮರ್ಶೆಗಳೂ ಎರಡು ದೀರ್ಘ ಪತ್ರಗಳೂ ಕೈಗೆ ಬಂದಿದ್ದವು. ಐದೂ ಜನ ಗಮನವಿಟ್ಟು ಕೇಳಿದ್ದರು. ಐದೂ ಜನ ಒಂದೇ ಜಾಗದಲ್ಲಿ ಮುಗ್ಗರಿಸಿದ್ದರು. ಅವರು ಮುಗ್ಗರಿಸಿದ್ದು ಎಲ್ಲಿ, ಆ ಕಲ್ಲು ಎಲ್ಲಿಂದ ಬಂತು, ಅದನ್ನು ಪ್ಲೈವುಡ್, ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಹಾಸು), ಡಾಂಬರು ಹಾಳೆ ಹಿಡಿದು ಹೇಗೆ ಕಿತ್ತು ತೆಗೆದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮನೆಯಲ್ಲಿಯೇ ಸಂಗೀತ ಮಾಡುವ ಯಾರಿಗಾದರೂ ಅಳತೆಗಳು ಉಪಯೋಗಕ್ಕೆ ಬರಬಹುದು.

ವಿಮರ್ಶೆಗಳಲ್ಲಿ ಮೆಚ್ಚುಗೆಯೂ ಇತ್ತು. ಮೊದಲನೆಯ ಟ್ರ್ಯಾಕಿನಲ್ಲಿ ತಾಳವೇ ಇಲ್ಲದ ಆರು ನಿಮಿಷಗಳನ್ನು ಇಬ್ಬರು ಬಹಳ ಇಷ್ಟಪಟ್ಟಿದ್ದರು. ಒಬ್ಬರಿಗೆ ಕಾರವಾರದ ಹುಡುಗಿಯ ಆಲ್ಬಮಿನಲ್ಲಿ ಅಲೆಯ ಸದ್ದಾಗಲಿ, ಚಂಡೆಯಾಗಲಿ ಇಲ್ಲದ್ದು ನಿರಾಸೆ ತಂದಿತ್ತು. ಆ ಮಾತನ್ನು ನಾನು ಒಪ್ಪುವುದಿಲ್ಲ. ಯಕ್ಷಗಾನದ ಚಂಡೆಯನ್ನು ನಾಲ್ಕು ಸೆಕೆಂಡು ಕತ್ತರಿಸಿ ಒಗ್ಗರಣೆಯಂತೆ ಸಿಡಿಸುವುದು ಚಂಡೆಗೂ ಮರ್ಯಾದೆಯಲ್ಲ, ಟೆಕ್ನೋಗೂ ಅಲ್ಲ. ಆದರೆ ಕಿಕ್‌ನ, ಅಂದರೆ ಪ್ರತಿ ಬಡಿತಕ್ಕೂ ಬೀಳುವ ದಪ್ಪ ಡ್ರಮ್ಮಿನ ಏಟಿನ, ಬಗ್ಗೆ ಅವರೆಲ್ಲ ಹೇಳಿದ್ದನ್ನು ಒಪ್ಪದೆ ಬೇರೆ ದಾರಿಯೇ ಇರಲಿಲ್ಲ. ಒಬ್ಬರು ಕಿಕ್ ಉಳಿದೆಲ್ಲವನ್ನೂ ನುಂಗುತ್ತದೆ ಎಂದಿದ್ದರು. ಇನ್ನೊಬ್ಬರು ನೆಲಕ್ಕೆ ಕೆಸರು ಮೆತ್ತಿದಂತಿದೆ ಎಂದರು. ಗೋವಾದಲ್ಲಿ ಕಡಲತಡಿಯ ಒಂದು ಜಾಗದಲ್ಲಿ ಸಂಗೀತ ನುಡಿಸುವ ಗೆಳೆಯ ಬರೆದದ್ದು ಎಲ್ಲಕ್ಕಿಂತ ಖಚಿತವಾಗಿತ್ತು: ಮೂರನೆಯ ಟ್ರ್ಯಾಕ್ ಹಾಕಿದ ಕೂಡಲೇ ಅಲ್ಲಿನ ದೊಡ್ಡ ಸ್ಪೀಕರ್‌ಗಳ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಒತ್ತಿಹಿಡಿಯಲು ಶುರುಮಾಡಿತು, ಪ್ರತಿ ಕಿಕ್‌ಗೂ ಹೈ-ಹ್ಯಾಟ್‌ಗಳು (ಚಿಕ್ಕ ತಾಳದಂಥ ದನಿಗಳು) ತಲೆ ತಗ್ಗಿಸಿದವು, ಎರಡು ನಿಮಿಷದಲ್ಲಿ ಅವನು ಬೇರೆ ಟ್ರ್ಯಾಕಿಗೆ ಹೋಗಬೇಕಾಯಿತು.

ಎರಡು ದಿನ ಮನಸ್ಸಿಗೆ ಕಸಿವಿಸಿಯಾಯಿತು. ಮೂರನೆಯ ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಟು ಟ್ರ್ಯಾಕುಗಳ ಪಟ್ಟಿ ಬರೆದು, ಐದೂ ಜನ ಯಾವ ಟ್ರ್ಯಾಕಿನ ಕಿಕ್ ಬಗ್ಗೆ ಏನು ಹೇಳಿದ್ದಾರೆಂದು ಗುರುತು ಹಾಕುತ್ತ ಹೋದೆ. ದೂರುಗಳೆಲ್ಲ ಮೂರು, ನಾಲ್ಕು, ಐದು, ಆರರ ಮೇಲೆ. ಎಂಟರ ಮೇಲೆ ಒಂದು ಸಣ್ಣ ದೂರು. ಎರಡು ಮತ್ತು ಏಳರ ಬಗ್ಗೆ ದೂರೇ ಇಲ್ಲ, ಬದಲಿಗೆ ಇಬ್ಬರು ಅವುಗಳ ಕೆಳಸ್ವರ ಎಷ್ಟು ಸ್ಪಷ್ಟವಾಗಿದೆ ಎಂದು ಪ್ರತ್ಯೇಕವಾಗಿ ಹೊಗಳಿದ್ದರು.

ಎರಡು ಮತ್ತು ಏಳನ್ನು ನಾನು ಕಾರವಾರದಲ್ಲಿ ಮಿಕ್ಸ್ ಮಾಡಿರಲಿಲ್ಲ (ಬೇರೆ ಬೇರೆ ದನಿಗಳ ಮಟ್ಟ ಹೊಂದಿಸಿ ಒಂದುಗೂಡಿಸುವುದೇ ಮಿಕ್ಸ್). ಒಂದು ವರ್ಷ ಅಡಿಕೆ ಕೊಯ್ಲಿನ ಸಮಯಕ್ಕೆ ಸಿರಸಿ ಹತ್ತಿರದ ಸೋದರಮಾವನ ಮನೆಗೆ ಹೋಗಿ ಆರು ವಾರ ಉಳಿದಿದ್ದೆ. ಇದೇ ಸ್ಪೀಕರ್, ಇದೇ ಲ್ಯಾಪ್‌ಟಾಪ್, ಇದೇ ಕಿವಿ. ಬೇರೆಯಾಗಿದ್ದದ್ದು ಕೋಣೆ ಒಂದೇ.

ಮಾರ್ಚ್ 2

ಅಳತೆಗೆ ಕೂತೆ. ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶ ಮತ್ತು ಎರವಲು ತಂದ ಅಳತೆಯ ಮೈಕ್. ತಂತ್ರಾಂಶವು ಸ್ಪೀಕರ್ ಮೂಲಕ ತಗ್ಗು ಸ್ವರದಿಂದ ಏರುಸ್ವರದವರೆಗೆ ಒಂದೇ ಎಳೆಯಾಗಿ ಕೂಗಿಸುತ್ತದೆ. ಮೈಕ್ ಕೇಳಿಸಿಕೊಂಡದ್ದಕ್ಕೂ ಕಳಿಸಿದ್ದಕ್ಕೂ ಇರುವ ಅಂತರವನ್ನು ನಕ್ಷೆಯಾಗಿ ಬಿಡಿಸುತ್ತದೆ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ನಾನು ಕೂರುವ ಕುರ್ಚಿಯಲ್ಲಿ ತಲೆಯಿರುವ ಜಾಗಕ್ಕೆ ಮೈಕ್ ನಿಲ್ಲಿಸಿದೆ.

ನಕ್ಷೆಯಲ್ಲಿ 48 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 48 ಕಂಪನಗಳ ಸ್ವರದ, ಹತ್ತಿರ ಬಾವಿ ತೋಡಿದಂತೆ 18 ಡೆಸಿಬೆಲ್ ಆಳದ ಗುಂಡಿ: ಆ ಸ್ವರ ಕುರ್ಚಿಯ ಜಾಗದಲ್ಲಿ ಅಷ್ಟು ಕುಗ್ಗಿ ಕೇಳಿಸುತ್ತಿತ್ತು. ಮೈಕನ್ನು ಕೋಣೆಯ ಮೂಲೆಗೆ ಒಯ್ದು ಮತ್ತೆ ಅಳೆದರೆ ಅದೇ 48ರ ಜಾಗದಲ್ಲಿ ಗುಡ್ಡ. ಅಷ್ಟೇ ಅಲ್ಲ, ಮೂಲೆಯಲ್ಲಿ ಆ ಸ್ವರ ಸಾಯಲು ಸುಮಾರು 900 ಮಿಲಿಸೆಕೆಂಡು ತೆಗೆದುಕೊಳ್ಳುತ್ತಿತ್ತು.

ಕಾರಣ ಕೋಣೆಯ ಉದ್ದದಲ್ಲಿದೆ. ಕೋಣೆ 3.6 ಮೀಟರ್ ಉದ್ದ, 3 ಮೀಟರ್ ಅಗಲ, 2.9 ಮೀಟರ್ ಎತ್ತರ. ಗೋಡೆಗಳು ಚಿರೇಕಲ್ಲಿನವು, ಎರಡೂ ಕಡೆ ಸಿಮೆಂಟ್ ಗಾರೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್. ನಮ್ಮ ಕಡೆಯ 30 ಡಿಗ್ರಿ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಹೋಗಿ ಬರುವ ದೂರ 7.2 ಮೀಟರ್. 350ನ್ನು 7.2ರಿಂದ ಭಾಗಿಸಿದರೆ 48.6. ಅಂದರೆ 48-49 ಹರ್ಟ್ಸ್‌ನ ಸ್ವರ ಹೊರಟು, ಗೋಡೆಗೆ ಬಡಿದು, ಮರಳಿ ಬರುವ ಹೊತ್ತಿಗೆ ಸರಿಯಾಗಿ ಮುಂದಿನ ಅಲೆಯ ಬೆನ್ನ ಮೇಲೆ ಕೂರುತ್ತದೆ. ಕೋಣೆಯೇ ಆ ಸ್ವರವನ್ನು ಹಾಡಲು ತೊಡಗುತ್ತದೆ. ಆಗ ಗೋಡೆಯ ಬಳಿ ಗಾಳಿಯ ಒತ್ತಡ ಅತಿ ಹೆಚ್ಚು. ಕೋಣೆಯ ನಟ್ಟನಡುವೆ, 1.8 ಮೀಟರಿನಲ್ಲಿ, ಹೆಚ್ಚುಕಡಿಮೆ ಸೊನ್ನೆ.

ನನ್ನ ಕುರ್ಚಿ ಇದ್ದದ್ದು ನಟ್ಟನಡುವೆ. ಯಾಕೆಂದರೆ ಸೀಲಿಂಗ್ ಫ್ಯಾನ್ ಇರುವುದು ಅಲ್ಲಿ. ಕಾರವಾರದ ಏಪ್ರಿಲ್‌ನಲ್ಲಿ ಫ್ಯಾನ್ ಬಿಟ್ಟು ಕೂರುವುದನ್ನು ಮನೆಯಲ್ಲಿ ಯಾರೂ ಯೋಚಿಸುವುದಿಲ್ಲ. ಮೂರು ವರ್ಷ ಆ ಗಾಳಿಯ ಕೆಳಗೆ ಕೂತು, ಕಿಕ್ ಕೇಳಿಸುತ್ತಿಲ್ಲವಲ್ಲ ಎಂದು 49ರ ಸ್ವರವನ್ನು ಒಂದೊಂದೇ ಡೆಸಿಬೆಲ್ ಏರಿಸುತ್ತ ಹೋಗಿದ್ದೆ. ಕಡತಗಳನ್ನು ತೆರೆದು ನೋಡಿದರೆ ನಾಲ್ಕು ಟ್ರ್ಯಾಕುಗಳಲ್ಲಿಯೂ 6 ಡೆಸಿಬೆಲ್‌ವರೆಗೆ ಏರಿಸಿದ್ದೆ. 6 ಡೆಸಿಬೆಲ್ ಎಂದರೆ ಒತ್ತಡ ಇಮ್ಮಡಿ. ಹೆಡ್‌ಫೋನಿನಲ್ಲಿ ಕೇಳಿದಾಗ ಬಾಸ್ ಹೆಚ್ಚಾಯಿತೇನೋ ಎಂದು ಅನಿಸಿದ್ದುಂಟು. ಆಗ ನಾನು ಅನುಮಾನಿಸಿದ್ದು ಹೆಡ್‌ಫೋನನ್ನು.

ಇಲ್ಲಿ ಕಿಕ್‌ನ ಬಗ್ಗೆಯೂ ಒಂದು ಮಾತು ಹೇಳಬೇಕು. ರೋಲ್ಯಾಂಡ್ ಸಂಸ್ಥೆ 1980ರಿಂದ 83ರವರೆಗೆ ತಯಾರಿಸಿದ ಟಿಆರ್-808 ಎಂಬ ಡ್ರಮ್ ಯಂತ್ರದ ಕಿಕ್, ಬ್ರಿಡ್ಜ್ಡ್-ಟಿ ಎಂಬ ಸರಳ ಜಾಲವೊಂದನ್ನು ವಿದ್ಯುತ್ತಿನ ಚಿಕ್ಕ ಏಟಿನಿಂದ ಮೀಟಿದಾಗ ಹುಟ್ಟುವ ಸ್ವರ. ಗಂಟೆಗೆ ಬಡಿದಂತೆ ಅದು ತಾನೇ ಕಂಪಿಸಿ ತಾನೇ ತಣ್ಣಗಾಗುತ್ತದೆ. ಅದರ ಕಂಪನ 50 ಹರ್ಟ್ಸ್‌ನ ಆಸುಪಾಸು. ಆ ಸರ್ಕ್ಯೂಟಿನ ನಕಲನ್ನು ನಾನು ವೆರೋಬೋರ್ಡ್ ಎಂಬ ತೂತುಗಳ ಹಲಗೆಯ ಮೇಲೆ ಬೆಸುಗೆ ಹಾಕಿ ಕಟ್ಟಿಕೊಂಡಿದ್ದೇನೆ. ನನ್ನ ಬಾಸ್‌ಲೈನುಗಳ (ತಗ್ಗು ಸ್ವರದ ಎಳೆಗಳ) ಶ್ರುತಿಗೆ ಹೊಂದಲೆಂದು 49ಕ್ಕೆ ಕೂರಿಸಿದ್ದೆ. ಕೋಣೆಯ ಸ್ವರ 48.6, ಕಿಕ್‌ನ ಸ್ವರ 49. ಎಂಟನೆಯ ಟ್ರ್ಯಾಕಿನಲ್ಲಿ ಮಾತ್ರ ಕಿಕ್ 55ಕ್ಕೆ ಇದೆ. ಅದಕ್ಕೇ ಅಲ್ಲಿ ದೂರು ಸಣ್ಣದು. ಕ್ಯಾಲೆಂಡರಿನ ಹಿಂಬದಿಯ ಗುರುತುಗಳೂ ತಂತ್ರಾಂಶದ ನಕ್ಷೆಯೂ ಒಂದರ ಮೇಲೊಂದು ಇಟ್ಟಂತೆ ಕೂತವು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಸ್ಪೀಕರುಗಳಲ್ಲಿ ಕೇಳಿದ ಐದು ಜನ, ಸಂಖ್ಯೆಗಳಿಲ್ಲದೆ, ನನ್ನ ಕೋಣೆಯ ಉದ್ದವನ್ನು ಅಳೆದುಬಿಟ್ಟಿದ್ದರು.

ಮಾರ್ಚ್ 5

ಮೊದಲ ರಿಪೇರಿಗೆ ಒಂದು ಪೈಸೆ ಖರ್ಚಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದೆ. ಎದುರುಗೋಡೆಯಿಂದ ಕೋಣೆಯ ಉದ್ದದ 38 ಶೇಕಡಾ ದೂರದಲ್ಲಿ ಕೂರಬೇಕು ಎಂಬುದು ಸ್ಟುಡಿಯೋ ಕಟ್ಟುವವರ ಹಳೆಯ ಲೆಕ್ಕ. ನನ್ನ ಕೋಣೆಗೆ ಅದು 1.37 ಮೀಟರ್. 43 ಸೆಂಟಿಮೀಟರ್ ಸರಿದದ್ದಕ್ಕೆ 18 ಡೆಸಿಬೆಲ್‌ನ ಗುಂಡಿ 9ಕ್ಕೆ ಬಂತು. ಗಾಳಿಗೆ ಗೋಡೆ ಫ್ಯಾನ್ ಹಾಕಿಸಿದೆ.

ಆದರೆ ಕುರ್ಚಿ ಸರಿಸಿದರೆ ಸ್ವರದ ಬಾಲ, ಅಂದರೆ ಅದು ಸಾಯದೆ ಎಳೆಯುವ ಹೊತ್ತು, ಕಡಿಮೆಯಾಗುವುದಿಲ್ಲ. ನನ್ನ ಟ್ರ್ಯಾಕುಗಳ ವೇಗ ನಿಮಿಷಕ್ಕೆ 132 ಬಡಿತ. ಒಂದು ಕಿಕ್‌ನಿಂದ ಇನ್ನೊಂದಕ್ಕೆ 454 ಮಿಲಿಸೆಕೆಂಡು. ಕೋಣೆಯಲ್ಲಿ ಹಳೆಯ ಕಿಕ್ ಸಾಯಲು 900. ಒಂದರ ಹೊಗೆ ಆರುವ ಮೊದಲೇ ಇನ್ನೊಂದು ಸಿಡಿಯುತ್ತದೆ. ಆ ಬಾಲವನ್ನು ಹೀರಿಕೊಳ್ಳುವ ವಸ್ತು ಬೇಕು.

ಗೋಡೆಗೆ ಅಂಟಿಸುವ ಫೋಮ್, ಮೊಟ್ಟೆಯ ಟ್ರೇ ಇವುಗಳಿಂದ ಈ ಸ್ವರಕ್ಕೆ ಏನೂ ಆಗುವುದಿಲ್ಲ. 49 ಹರ್ಟ್ಸ್‌ನ ತರಂಗ 7 ಮೀಟರಿಗಿಂತ ಉದ್ದ. ಹತ್ತಿಯಂಥ, ನಾರಿನಂಥ ವಸ್ತು ಚೆನ್ನಾಗಿ ಕೆಲಸ ಮಾಡುವುದು ಗಾಳಿ ಜೋರಾಗಿ ಓಡಾಡುವ ಜಾಗದಲ್ಲಿ, ಅಂದರೆ ಗೋಡೆಯಿಂದ ಕಾಲು ತರಂಗದಷ್ಟು ದೂರ. ನನ್ನ ಲೆಕ್ಕದಲ್ಲಿ 1.8 ಮೀಟರ್. ಅಷ್ಟು ದಪ್ಪ ನಾರು ತುಂಬಿದರೆ ನಾನು ಹೊರಗೆ ಅಂಗಳದಲ್ಲಿ ಕೂರಬೇಕಾಗುತ್ತದೆ. ಗೋಡೆಯ ಬಳಿ ಇರುವುದು ಒತ್ತಡ. ಒತ್ತಡಕ್ಕೆ ಮಣಿಯುವ ವಸ್ತುವನ್ನೇ ಅಲ್ಲಿ ಇಡಬೇಕು.

ಮಾರ್ಚ್ 9ರಿಂದ 16

ಮಡಕೆಗಳ ವಾರ. ಅಂಕೋಲಾದ ಸುಗ್ಗಿಯಲ್ಲಿ ಹಾಲಕ್ಕಿ ಸಮುದಾಯದವರ ಗುಮಟೆ ವಾದ್ಯ ಕೇಳಿ ಬೆಳೆದವಳು ನಾನು. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಆ ತೆರೆದ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಮಾಡಿದಂತೆ ದನಿ ಬಾಗುತ್ತದೆ. ಒಳಗಿನ ಗಾಳಿ ಸ್ಪ್ರಿಂಗ್, ಕೊರಳಿನ ಗಾಳಿ ತೂಕ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿ ಲೆಕ್ಕ ಹಾಕಿ ತೋರಿಸಿದ ತತ್ವ ಇದೇ. ಮಡಕೆ ತನ್ನ ಸ್ವರವನ್ನು ನುಡಿಸಬಲ್ಲದು, ಅದೇ ಸ್ವರವನ್ನು ನುಂಗಲೂ ಬಲ್ಲದು.

20 ಲೀಟರಿನ ನಾಲ್ಕು ಮಡಕೆ ತಂದೆ. ಬಾಯಿಗೆ ಹಲಗೆಯ ಬಿರಡೆ ಬಡಿದು, ನಡುವೆ ಒಳವ್ಯಾಸ 4 ಸೆಂಟಿಮೀಟರಿನ ಪಿವಿಸಿ ಕೊಳವೆಯ 5 ಸೆಂಟಿಮೀಟರ್ ತುಂಡು ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದೆ. ಲೆಕ್ಕದ ಪ್ರಕಾರ 48 ಹರ್ಟ್ಸ್. ನಾಲ್ಕನ್ನೂ ಹಿಂಗೋಡೆಯ ಮೂಲೆಗಳಿಗೆ ಹಂಚಿಟ್ಟು ಅಳೆದೆ.

ಮಡಕೆಗಳು ಕೆಲಸ ಮಾಡಿದವು, ಆದರೆ ಅತಿ ಶಿಸ್ತಿನಿಂದ. 48ರ ಗುಡ್ಡದ ನೆತ್ತಿಯಲ್ಲಿ ಸೂಜಿಯಿಂದ ಗೀರಿದಂತೆ ಒಂದು ಸೀಳು ಬಿತ್ತು. ಅದರ ಎರಡೂ ಪಕ್ಕದಲ್ಲಿ, 45 ಮತ್ತು 52ರಲ್ಲಿ, ಎರಡು ಹೊಸ ಗುಡ್ಡಗಳು ಎದ್ದವು. ಒಂದು ತೊಂದರೆ ಎರಡಾಯಿತು. ಕೊಳವೆಯ ಬಾಯಿಗೆ ತೆಂಗಿನ ನಾರು ತುರುಕಿದಾಗ ಸೀಳು ಅಗಲವಾಯಿತಾದರೂ ಅಷ್ಟೇ ಮಟ್ಟಿಗೆ ಆಳ ಹೋಯಿತು. ಕಿಕ್‌ನ ಸ್ವರ ಮೇಲಿನಿಂದ ಜಾರಿಕೊಂಡು ಬಂದು 49ಕ್ಕೆ ನಿಲ್ಲುವಂಥದ್ದು. ಇಷ್ಟು ಕಿರಿದಾದ ಬಲೆಗೆ ಅದು ಬೀಳುವುದಿಲ್ಲ. ಮಡಕೆಗಳನ್ನು ಅಮ್ಮ ಹಿತ್ತಲಿಗೆ ಒಯ್ದರು.

ಮಾರ್ಚ್ 20

ಸಿರಸಿ. ದೇವಿಮನೆ ಘಟ್ಟ ಹತ್ತಿ ಮಾವನ ಮನೆಗೆ ಮೈಕ್ ಸಮೇತ ಹೋದೆ. ಅಲ್ಲಿ ಕೆಳಸ್ವರ ಯಾಕೆ ಸ್ಪಷ್ಟವಾಗಿತ್ತು ಎಂದು ತಿಳಿಯದೆ ಮುಂದೆ ಹೋಗುವುದು ಬೇಡ ಎನಿಸಿತ್ತು.

ನಾನು ಕೂತು ಕೆಲಸ ಮಾಡಿದ್ದು ಅಟ್ಟದ ಕೆಳಗಿನ ದೊಡ್ಡ ಕೋಣೆ. ಮೇಲೆ ಮತ್ತಿ ಮರದ ಹಲಗೆಗಳ ಮುಚ್ಚಿಗೆ, ಅದರ ಮೇಲೆ ಅಡಿಕೆ ಚೀಲಗಳು, ಆಮೇಲೆ ಹಂಚು. ನಕ್ಷೆ ನೋಡಿದೆ: ಎಲ್ಲಿಯೂ ದೊಡ್ಡ ಗುಡ್ಡವಿಲ್ಲ, ಕೆಳಸ್ವರಗಳ ಬಾಲ 300 ಮಿಲಿಸೆಕೆಂಡಿನ ಸುತ್ತ. ತಗ್ಗಿನ ಸ್ವರ ನುಡಿಸಿಟ್ಟು ಏಣಿ ಹತ್ತಿ ಹಲಗೆಗೆ ಅಂಗೈ ಇಟ್ಟೆ. ಹಲಗೆ ನಡುಗುತ್ತಿತ್ತು. ನನ್ನ ಚಿರೇಕಲ್ಲಿನ ಗೋಡೆ ವಾಪಸು ಎಸೆಯುತ್ತಿದ್ದ ಶಕ್ತಿಯನ್ನು ಈ ಹಲಗೆಗಳು ತಮ್ಮ ಮೈಯಲ್ಲಿ ತೆಗೆದುಕೊಂಡು ಬಿಸಿಯಾಗಿ ಕಳೆಯುತ್ತಿದ್ದವು. ಒಂದಷ್ಟು ಶಕ್ತಿ ಹಲಗೆಯ ಸಂದಿಯಿಂದ ಅಟ್ಟಕ್ಕೆ ಹೋಗಿ, ಹಂಚಿನ ಮೂಲಕ ತೋಟಕ್ಕೆ ಹೋಗುತ್ತಿತ್ತು.

"ಹಲಗೆ ಸಡಿಲವಾಗಿದೆಯೇನೇ?" ಎಂದು ಮಾವ ಕೆಳಗಿನಿಂದ ಕೇಳಿದರು.

"ಇಲ್ಲ ಮಾವ, ಇರಬೇಕಾದಷ್ಟೇ ಸಡಿಲವಾಗಿದೆ" ಎಂದೆ.

ಕಾರವಾರದ ಕೋಣೆಗೆ ಮುಚ್ಚಿಗೆ ಕಟ್ಟಿಸಲಾಗದು. ಮುಚ್ಚಿಗೆಯ ಕೆಲಸ ಮಾಡುವ ಎರಡು ಪೆಟ್ಟಿಗೆಗಳನ್ನು ಹಿಂಗೋಡೆಗೆ ನಿಲ್ಲಿಸಬಹುದು.

ಮಾರ್ಚ್ 28ರಿಂದ ಏಪ್ರಿಲ್ 14

ಪೆಟ್ಟಿಗೆ ಎಂದರೆ ಇಷ್ಟೇ: ಹಿಂದೆ ಗಟ್ಟಿ ಹಲಗೆ, ಸುತ್ತ ಚೌಕಟ್ಟು, ಮುಂದೆ ತೆಳು ಪ್ಲೈವುಡ್, ಒಳಗೆ ಗಾಳಿ ಬಂದಿ. ಮುಂದಿನ ಪ್ಲೈ ತೂಕ, ಒಳಗಿನ ಗಾಳಿ ಸ್ಪ್ರಿಂಗ್. ಅದು ಯಾವ ಸ್ವರಕ್ಕೆ ನಡುಗುತ್ತದೆ ಎಂಬುದಕ್ಕೆ ಸುಲಭದ ಸೂತ್ರವಿದೆ. ಪ್ಲೈನ ತೂಕವನ್ನು ಚದರ ಮೀಟರಿಗೆ ಇಷ್ಟು ಕಿಲೋ ಎಂದು ತೆಗೆದುಕೊಂಡು, ಪೆಟ್ಟಿಗೆಯ ಆಳವನ್ನು ಮೀಟರಿನಲ್ಲಿ ಗುಣಿಸಿ, ವರ್ಗಮೂಲ ತೆಗೆದು, 60ನ್ನು ಅದರಿಂದ ಭಾಗಿಸಬೇಕು. ಒಳಗೆ ರಾಕ್‌ವೂಲ್ ತುಂಬಿದ್ದರೆ 60ರ ಬದಲು 50.

ಅಂಗಡಿಯವರು ಹೇಳುವ ತೂಕವನ್ನು ನಂಬಬಾರದು. 9 ಮಿಲಿಮೀಟರಿನ ಎಂಟು-ನಾಲ್ಕರ ಶೀಟನ್ನು ಹೊತ್ತುಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತೆ, ನನ್ನ ತೂಕ ಕಳೆದೆ: 17.5 ಕಿಲೋ. ಶೀಟು ಸುಮಾರು 2.98 ಚದರ ಮೀಟರ್. ಅಂದರೆ ಚದರ ಮೀಟರಿಗೆ 5.9 ಕಿಲೋ. ಆಳ 20 ಸೆಂಟಿಮೀಟರ್ ಇಟ್ಟರೆ ಖಾಲಿ ಪೆಟ್ಟಿಗೆಗೆ 55 ಹರ್ಟ್ಸ್, ತುಂಬಿದ ಪೆಟ್ಟಿಗೆಗೆ 46. ನಾನು ಅರ್ಧಂಬರ್ಧ ತುಂಬುವವಳು, ಆದ್ದರಿಂದ ನಡುವೆ ಎಲ್ಲೋ ಬರುತ್ತದೆ. ಶೀಟನ್ನು ಎರಡು ತುಂಡು ಮಾಡಿಸಿ ನಾಲ್ಕಡಿ ಚೌಕದ ಎರಡು ಪೆಟ್ಟಿಗೆ ಎಂದು ನಿರ್ಧರಿಸಿದೆ. ದೊಡ್ಡ ಹಾಳೆ ಬೇಕು, ಚಿಕ್ಕದಾದರೆ ಅಂಚಿನ ಬಿಗಿತವೇ ಗೆದ್ದು ಸ್ವರ ಮೇಲೆ ಏರುತ್ತದೆ.

ನಮ್ಮ ಬೀದಿಯ ಆಚಾರಿಯವರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ತಂಗಿ, ಇದಕ್ಕೆ ಬಾಗಿಲು ಯಾವ ಕಡೆ?"

"ಬಾಗಿಲಿಲ್ಲ ಆಚಾರಿಯವರೇ. ಒಳಗೆ ಗಾಳಿಯೂ ಹೋಗಬಾರದು."

"ನಲವತ್ತು ವರ್ಷದಲ್ಲಿ ಬಾಗಿಲಿಲ್ಲದ ಕಪಾಟು ಮಾಡುತ್ತಿರುವುದು ಇದೇ ಮೊದಲು" ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು.

ಅವರು ಕೊಟ್ಟ ಎರಡು ಸಲಹೆಗಳು ನನ್ನ ಲೆಕ್ಕದಷ್ಟೇ ಮುಖ್ಯವಾಗಿದ್ದವು. ಚೌಕಟ್ಟಿಗೆ ನಾನು ಅಕೇಶಿಯಾ ಹೇಳಿದ್ದೆ, ಅಗ್ಗ ಎಂದು. ಮಳೆಗಾಲದಲ್ಲಿ ಅದು ತಿರುಚಿಕೊಂಡು ಮೂಲೆ ಬಾಯಿ ಬಿಡುತ್ತದೆ, ಚೆನ್ನಾಗಿ ಒಣಗಿದ ಹಳೆಯ ಬಾಗಿಲಿನ ಪಟ್ಟಿಯಿದ್ದರೆ ಕೊಡು ಎಂದರು. ಮನೆಯಲ್ಲಿ ಇತ್ತು. ಇನ್ನೊಂದು, ಪ್ಲೈಯನ್ನು ಮೊಳೆಯಿಂದ ಬಡಿಯಬೇಡ, ನಾಲ್ಕು ಇಂಚಿಗೊಂದು ಸ್ಕ್ರೂ ಹಾಕು, ನಡುವೆ ಅಂಟು ಎಳೆ, ಆಗಲೇ ಗಾಳಿ ನಿಲ್ಲುತ್ತದೆ ಎಂದರು. ಹಿಂಬದಿಗೆ 12 ಮಿಲಿಮೀಟರಿನ ಪ್ಲೈ ಹಾಕಿದೆವು.

ಒಳಗೆ 5 ಸೆಂಟಿಮೀಟರ್ ದಪ್ಪದ ರಾಕ್‌ವೂಲ್, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ದಾರದಿಂದ ತೂಗುಹಾಕಿದ್ದು. ಮುಂದಿನ ಹಲಗೆಗೆ ಅದು ತಾಗಬಾರದು. ತಾಗಿದರೆ ಹಲಗೆಯ ನಡುಕಕ್ಕೆ ತಡೆಯಾಗುತ್ತದೆ. ರಾಕ್‌ವೂಲ್ ಕತ್ತರಿಸುವಾಗ ತುಂಬುತೋಳು, ಕೈಗವಸು, ಮುಖವಸ್ತ್ರ ಎಲ್ಲ ಬೇಕು. ನಾನು ಒಂದು ದಿನ ಕೈಗವಸು ಬಿಟ್ಟು, ಎರಡು ದಿನ ತುರಿಕೆ ಅನುಭವಿಸಿದೆ.

ಮೊದಲ ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಮೇಲೆ ಒಂದು ಹಿಡಿ ರವೆ ಉದುರಿಸಿದೆ. ಪಕ್ಕದಲ್ಲಿ ಸ್ಪೀಕರ್ ಇಟ್ಟು 30 ಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಸ್ವರ ಏರಿಸುತ್ತ ಹೋದೆ. ಹಲಗೆ ತನ್ನ ಸ್ವರಕ್ಕೆ ಬಂದಾಗ ರವೆ ಕುಣಿಯಬೇಕು. ಕುಣಿಯಲಿಲ್ಲ. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಅಲುಗಿತು, ಅಷ್ಟೇ. ಊದುಬತ್ತಿ ಹಚ್ಚಿ ಅಂಚಿನ ಉದ್ದಕ್ಕೂ ಹಿಡಿದು, ಹಲಗೆಯ ನಡುವನ್ನು ಅಂಗೈಯಿಂದ ಒತ್ತಿದೆ. ಎಡ ಮೂಲೆಯಲ್ಲಿ ಹೊಗೆ ಹೊರಕ್ಕೆ ಚಿಮ್ಮಿತು. ಅಲ್ಲಿ ಅಂಟು ತಪ್ಪಿತ್ತು. ಗಾಳಿ ಸೋರಿದರೆ ಸ್ಪ್ರಿಂಗೇ ಇಲ್ಲ. ಸಿಲಿಕೋನ್ ಎಳೆದು ಒಂದು ರಾತ್ರಿ ಒಣಗಲು ಬಿಟ್ಟೆ.

ಮರುದಿನ 53 ಹರ್ಟ್ಸ್‌ನಲ್ಲಿ ರವೆ ಎದ್ದು ನಿಂತಿತು. ನಡುವಿನ ರವೆಯೆಲ್ಲ ಹಾರಿ ಅಂಚಿಗೆ ಸರಿದು ಹಲಗೆಯ ಮೇಲೆ ಒಂದು ದೊಡ್ಡ ಬೋಳು ವೃತ್ತ ಉಳಿಯಿತು. ಅಮ್ಮನನ್ನು, ಆಚಾರಿಯವರನ್ನು, ಪಕ್ಕದ ಮನೆಯ ಮಕ್ಕಳನ್ನು ಕರೆದು ತೋರಿಸಿದೆ. ಮೂರು ವರ್ಷ ನನ್ನ ಕಿವಿಗೆ ಬೀಳದೆ ಉಳಿದದ್ದು ಹೀಗೆ ಕಣ್ಣೆದುರು ಕುಣಿದಾಗ ಆದ ಸಂತೋಷ ದೊಡ್ಡದು.

53 ಸಾಲದು, 49 ಬೇಕು. ಸ್ವರ ತಗ್ಗಬೇಕಾದರೆ ಹಲಗೆ ಭಾರವಾಗಬೇಕು. 53ನ್ನು 49ರಿಂದ ಭಾಗಿಸಿ ವರ್ಗ ಮಾಡಿದರೆ 1.17. ಅಂದರೆ ತೂಕ 17 ಶೇಕಡಾ ಹೆಚ್ಚಬೇಕು, ಒಂದು ಪೆಟ್ಟಿಗೆಗೆ ಸುಮಾರು ಒಂದೂವರೆ ಕಿಲೋ. ಸ್ಲ್ಯಾಬ್ ಸೋರದಂತೆ ಮೇಲೆ ಅಂಟಿಸುವ ಡಾಂಬರು ಹಾಳೆಯ ತುಂಡುಗಳು ಮನೆಯಲ್ಲಿ ಬಿದ್ದಿದ್ದವು. ತೂಗಿ ಕತ್ತರಿಸಿ ಹಲಗೆಯ ನಡುಭಾಗಕ್ಕೆ ಅಂಟಿಸಿದೆ. ಡಾಂಬರು ಬರಿಯ ತೂಕವನ್ನಷ್ಟೇ ಕೊಡುವುದಿಲ್ಲ. ಅದು ಬಾಗುವಾಗ ಶಕ್ತಿಯನ್ನು ಒಳಗೇ ಕಳೆಯುವುದರಿಂದ ಹಲಗೆಯ ಹಸಿವಿನ ಅಗಲವೂ ಹೆಚ್ಚುತ್ತದೆ. ಮಡಕೆಗೆ ಇಲ್ಲದ್ದು ಇದೇ ಗುಣ. ರವೆ ಈಗ 49ರ ಸುತ್ತ ಕುಣಿಯಿತು. ಆಚಾರಿಯವರು ಗೆಣ್ಣಿನಿಂದ ತಟ್ಟಿ ನೋಡಿ, ಮೊದಲು ಚಂಡೆಯ ಹಾಗಿತ್ತು, ಈಗ ಮದ್ದಳೆಯಾಯಿತು ಎಂದರು.

ಏಪ್ರಿಲ್ 15

ಎರಡೂ ಪೆಟ್ಟಿಗೆಗಳನ್ನು ಹಿಂಗೋಡೆಗೆ ನಿಲ್ಲಿಸಿದೆ, ಗೋಡೆಗೂ ಅವಕ್ಕೂ ನಡುವೆ 5 ಸೆಂಟಿಮೀಟರ್ ಬಿಟ್ಟು. ಆ ಜಾಗ ಶಬ್ದಕ್ಕಲ್ಲ, ಬೂಷ್ಟಿಗೆ. ಕರಾವಳಿಯಲ್ಲಿ ಗೋಡೆಗೆ ತಾಗಿಸಿ ಇಟ್ಟ ಮರ ಎರಡು ಮಳೆಗಾಲ ಬಾಳುವುದಿಲ್ಲ. ಎರಡು ಮೂಲೆಗಳಿಗೆ ತೆಂಗಿನ ನಾರಿನ ಹಳೆಯ ಹಾಸಿಗೆಯನ್ನು ಕತ್ತರಿಸಿ ನೆಲದಿಂದ ಸ್ಲ್ಯಾಬಿನವರೆಗೆ ಪೇರಿಸಿದೆ. 49ಕ್ಕೆ ಅದರಿಂದ ಹೆಚ್ಚೇನೂ ಆಗಲಿಲ್ಲ, 80ರ ಮೇಲಿನ ಸ್ವರಗಳು ಹದಕ್ಕೆ ಬಂದವು.

ಅಳತೆ: ಕುರ್ಚಿಯ ಜಾಗದಲ್ಲಿ ಗುಂಡಿ 5 ಡೆಸಿಬೆಲ್. ಮೂಲೆಯಲ್ಲಿ 48ರ ಬಾಲ 900ರಿಂದ 460 ಮಿಲಿಸೆಕೆಂಡಿಗೆ ಇಳಿದಿದೆ. ಒಂದು ಬಡಿತದ ಅಂತರ 454. ಈಗ ಮುಂದಿನ ಕಿಕ್ ಬರುವ ಹೊತ್ತಿಗೆ ಹಿಂದಿನದು ಹೆಚ್ಚುಕಡಿಮೆ ಜಾಗ ಖಾಲಿ ಮಾಡಿರುತ್ತದೆ.

ಆ ಸಂಜೆ ನನ್ನ ಆಲ್ಬಮನ್ನು ಆ ಕೋಣೆಯಲ್ಲಿ ಮೊದಲಿನಿಂದ ಕೇಳಿದೆ. ಮೂರನೆಯ ಟ್ರ್ಯಾಕ್ ಶುರುವಾಗಿ ಎಂಟು ಬಡಿತಕ್ಕೆ ಕೈ ತಾನಾಗಿಯೇ ವಾಲ್ಯೂಮಿನ ಕಡೆ ಹೋಯಿತು. ವಿಮರ್ಶಕರು ಬರೆದ ಕೆಸರು ಅಲ್ಲೇ ಇತ್ತು. ಅವರು ಕೇಳಿದ್ದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆ.

ಚರಣ್‌ಜಿತ್ ಸಿಂಗ್ ನೆನಪಾದರು. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದವರು 1982ರಲ್ಲಿ ಟಿಆರ್-808, ಟಿಬಿ-303 ಎಂಬ ಬಾಸ್ ಯಂತ್ರ, ಜುಪಿಟರ್-8 ಎಂಬ ಸಿಂಥಸೈಜರ್ ಈ ಮೂರು ರೋಲ್ಯಾಂಡ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಆಲ್ಬಮ್ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. ಅದೇ 303 ಯಂತ್ರದಿಂದ ಶಿಕಾಗೊದ ಫ್ಯೂಚರ್ ತಂಡ 1987ರಲ್ಲಿ ಆಸಿಡ್ ಹೌಸ್ ಎಂಬ ನೃತ್ಯಸಂಗೀತದ ದನಿಯನ್ನು ಜಗತ್ತಿಗೆ ಕೇಳಿಸಿತು. ಸಿಂಗ್ ಅವರ ಆಲ್ಬಮ್ 2010ರಲ್ಲಿ ನೆದರ್ಲೆಂಡ್ಸ್‌ನಿಂದ ಮರುಬಿಡುಗಡೆಯಾದಾಗ, ಇದು ಶಿಕಾಗೊದ ಆ ದನಿಗಿಂತ ಐದು ವರ್ಷ ಮೊದಲಿನದು ಎಂದು ವಿಮರ್ಶಕರು ಬೆರಗಾದರು. 28 ವರ್ಷ ಅವರ ಕೆಲಸಕ್ಕೆ ಕಿವಿಗೊಟ್ಟು, ಇದು ಇಲ್ಲಿ ಚೆನ್ನಾಗಿದೆ, ಇಲ್ಲಿ ತಪ್ಪಿದೆ ಎಂದು ಹೇಳುವವರೇ ಇರಲಿಲ್ಲ. ನನಗೆ ನಾಲ್ಕು ವಾರದಲ್ಲಿ ಐದು ಜನ ಸಿಕ್ಕಿದ್ದರು.

ಏಪ್ರಿಲ್ 16ರಿಂದ ಮೇ 10

ಮರುಮಿಕ್ಸ್. ಕಿಕ್, ಬಾಸ್, ತಾಳಗಳು ಬೇರೆ ಬೇರೆ ಕಡತಗಳಾಗಿ ಇದ್ದುದರಿಂದ ಕೆಲಸ ಸಾಧ್ಯವಾಯಿತು. ಇದು ನಾನು ಎಲ್ಲರಿಗೂ ಹೇಳುವ ಮಾತು: ಒಂದೊಂದು ದನಿಯನ್ನೂ ಬೇರೆಯಾಗಿ ಉಳಿಸಿಡಿ. 49ರ ಏರಿಕೆಯನ್ನು ಮೂರು, ನಾಲ್ಕು, ಐದರಲ್ಲಿ ಹೆಚ್ಚುಕಡಿಮೆ ಪೂರ್ತಿ ತೆಗೆದೆ. ಆರನೆಯದೂ ಸೇರಿ ನಾಲ್ಕರಲ್ಲೂ ಕಿಕ್‌ನ ಬಾಲವನ್ನು 420ರಿಂದ 260 ಮಿಲಿಸೆಕೆಂಡಿಗೆ ಕತ್ತರಿಸಿದೆ. ಕಿಕ್ ಚಿಕ್ಕದಾದ ಕೂಡಲೇ ಬಾಸ್‌ಲೈನ್ ಕಾಣಿಸಿತು. ಐದನೆಯದರಲ್ಲಿ ನಾನೇ ಬರೆದು ಮರೆತಿದ್ದ ಒಂದು ಎದುರುಸ್ವರ ಹೊರಗೆ ಬಂತು. ಮಾಸ್ಟರ್ ಮಾಡುವಾಗ, ಅಂದರೆ ಕೊನೆಯ ಹದ ಕೊಡುವಾಗ, ಲಿಮಿಟರ್ ಮೊದಲಿಗಿಂತ ತೀರ ಕಡಿಮೆ ದುಡಿಯಿತು, ಹಾಗಿದ್ದೂ ಟ್ರ್ಯಾಕುಗಳು ಜೋರಾಗಿಯೇ ಕೇಳಿಸುತ್ತವೆ. ಕೆಳಸ್ವರ ನುಂಗುತ್ತಿದ್ದ ಜಾಗವೆಲ್ಲ ಉಳಿದದ್ದಕ್ಕೆ ಸಿಕ್ಕಿತು.

ಗೋವಾದ ಗೆಳೆಯನಿಗೆ ಕಳಿಸಿದೆ. ಅದೇ ಸ್ಪೀಕರ್‌ಗಳಲ್ಲಿ ಮೂರನೆಯದನ್ನು ಪೂರ್ತಿ ನುಡಿಸಿದನಂತೆ. ಹೈ-ಹ್ಯಾಟ್‌ಗಳು ನೆಟ್ಟಗೆ ನಿಂತವು ಎಂದು ಬರೆದ. ವಿಮರ್ಶೆ ಬರೆದ ಮೂವರಿಗೂ ಆದದ್ದನ್ನೆಲ್ಲ ವಿವರಿಸಿ, ಕೃತಜ್ಞತೆ ಹೇಳಿ, ಹೊಸ ಕಡತಗಳನ್ನು ಕಳಿಸಿದೆ. ಇಬ್ಬರು ಮತ್ತೆ ಕೇಳಿ ಒಳ್ಳೆಯ ಮಾತು ಬರೆದರು. ಮೂರನೆಯವರು, ಕೆಸರು ಎಂದಿದ್ದವರೇ, ಒಂದು ತಕರಾರು ತೆಗೆದರು: ಮೂರು, ನಾಲ್ಕು, ಐದು ಸರಿಯಾಗಿವೆ, ಆದರೆ ಆರನೆಯದು ಬಡವಾಗಿದೆ. ಆ ಟ್ರ್ಯಾಕಿನಲ್ಲಿ ಉಳಿದೆಲ್ಲ ದನಿ ಅಡಗಿ ಕಿಕ್ ಒಂದೇ ಉಳಿಯುವ ಎರಡು ನಿಮಿಷಗಳಿವೆ. ಅಲ್ಲಿ ಅದರ ಬಾಲ ಉದ್ದವಾಗಿದ್ದದ್ದೇ ಚೆನ್ನಾಗಿತ್ತು, ನೆಲ ಉಸಿರಾಡಿದಂತಿತ್ತು ಎಂದರು.

ರಿಪೇರಿಯಾದ ಕೋಣೆಯಲ್ಲಿ ಆರರ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ಮೂರು ದಿನ ಕೇಳಿದೆ. ಅವರ ಮಾತು ನಿಜ. ಉಳಿದ ಮೂರರಲ್ಲಿ ಬಾಲವು ಬಾಸ್‌ಲೈನಿನ ಮೇಲೆ ಬಿದ್ದು ಅದನ್ನು ಒರಸುತ್ತಿತ್ತು. ಆರರಲ್ಲಿ ಒರಸಲು ಬಾಸ್‌ಲೈನೇ ಇಲ್ಲ. ಏರಿಕೆಯನ್ನು 2 ಡೆಸಿಬೆಲ್‌ಗೆ ಇಳಿಸಿದೆ, ಲಿಮಿಟರ್ ಒದ್ದಾಡದಿರಲಿ ಎಂದು. ಬಾಲವನ್ನು ಮತ್ತೆ 420ಕ್ಕೆ ಬಿಟ್ಟೆ.

ಜುಲೈ 12

ಒಂದು ತಿಂಗಳ ಮಳೆಯ ನಂತರದ ಅಳತೆ. ಪೆಟ್ಟಿಗೆಗಳು ತೇವ ಹೀರಿ ಭಾರವಾಗಿವೆ, ರವೆ 48ರ ಹತ್ತಿರ ಕುಣಿಯುತ್ತಿದೆ. ಮೂಲೆಯಲ್ಲಿ ಬಾಲ 470. ಹಿಂಬದಿಯಲ್ಲಿ ಬೂಷ್ಟು ಬಂದಿಲ್ಲ, ಮೂಲೆಗಳು ಬಾಯಿ ಬಿಟ್ಟಿಲ್ಲ. ನೆಲ ಮತ್ತು ಸ್ಲ್ಯಾಬಿನ ನಡುವಿನ 60 ಹರ್ಟ್ಸ್ ಹಾಗೆಯೇ ಇದೆ. ಅದಕ್ಕೆ ಪೆಟ್ಟಿಗೆಯನ್ನು ಸ್ಲ್ಯಾಬಿಗೆ ತೂಗುಹಾಕಬೇಕು. 6 ಮಿಲಿಮೀಟರಿನ ಪ್ಲೈ ಸಾಕಾಗಬಹುದು, ಹುಕ್ಕು ಎಷ್ಟು ತೂಕ ತಾಳುತ್ತದೆ ಎಂದು ಆಚಾರಿಯವರು ಮಳೆ ಬಿಟ್ಟ ಮೇಲೆ ಬಂದು ನೋಡುತ್ತಾರೆ.